ಗೋಡೆಯೋ, ಸಂಜೆಯೋ, ಪರದೆಯೋ: ಎಳೆಯ ಕಲಾವಿದರಿಗೆ ಯಾವ ಜಾಗ ಕೂಡಿಬರುತ್ತದೆ?

ಚಿತ್ರ ಬರೆಯುವವರು, ಫೋಟೊ ತೆಗೆಯುವವರು, ಕಾಮಿಕ್ಸ್ ಬಿಡಿಸುವವರು ಹತ್ತು ಹನ್ನೆರಡು ಜನ ಒಂದೆಡೆ ಸೇರಿದರೆ, ಎರಡನೇ ಭೇಟಿಯಲ್ಲೇ ಯಾರಾದರೊಬ್ಬರು ಕೇಳುತ್ತಾರೆ: ನಮಗೇ ಅಂತ ಒಂದು ಜಾಗ ಮಾಡಿಕೊಂಡರೆ ಹೇಗೆ? ಒಬ್ಬರು ಬಾಡಿಗೆ ಕೋಣೆ ಎನ್ನುತ್ತಾರೆ, ಇನ್ನೊಬ್ಬರು ಗ್ರಂಥಾಲಯದ ಖಾಲಿ ಗೋಡೆ ತೋರಿಸುತ್ತಾರೆ, ಮೂರನೆಯವರು ಅಷ್ಟರಲ್ಲೇ ಫೋನಿನಲ್ಲಿ ಒಂದು ಗುಂಪು ತೆರೆದಿರುತ್ತಾರೆ. ಎಲ್ಲವೂ ನಡೆಯುವಂಥವೇ. ಆದರೆ ಒಂದೊಂದಕ್ಕೂ ಬೇಕಾಗುವ ಕೈ, ಕಾಸು, ತಾಳ್ಮೆ ಬೇರೆ ಬೇರೆ. ಇಲ್ಲಿ ಐದು ದಾರಿಗಳನ್ನು ತೂಗಿ ನೋಡಿದ್ದೇವೆ. ಒಬ್ಬ ದೊಡ್ಡವರೋ ಹಿರಿಯ ವಿದ್ಯಾರ್ಥಿಯೋ ಮುಂದಾಳಾಗಿ, 14ರಿಂದ 25 ವಯಸ್ಸಿನವರನ್ನು ಸೇರಿಸಿಕೊಂಡು ಹೊರಟಿದ್ದಾರೆ ಎಂದು ಇಟ್ಟುಕೊಳ್ಳೋಣ.

ಮೊದಲು ಅಳತೆಗೋಲು

"ಮಾಡಿದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕು" ಎನ್ನುವ ಆಸೆಯೊಳಗೆ ಮೂರು ಬೇರೆ ಬೇರೆ ಆಸೆಗಳಿರುತ್ತವೆ. ಅಪರಿಚಿತರು ಬಂದು ನೋಡಬೇಕು ಎನ್ನುವುದು ಒಂದು. ಬಲ್ಲವರು ಕೂತು ಮಾತಾಡಬೇಕು, ಎಲ್ಲಿ ಸರಿಯಿದೆ ಎಲ್ಲಿ ಎಡವಿದೆ ಎಂದು ಹೇಳಬೇಕು ಎನ್ನುವುದು ಇನ್ನೊಂದು. ಮನೆಯಲ್ಲಿ ಮೇಜೂ ಇಲ್ಲ ಮೌನವೂ ಇಲ್ಲ, ಕೂತು ಕೆಲಸ ಮಾಡಲು ಎಡೆ ಬೇಕು ಎನ್ನುವುದು ಮೂರನೆಯದು. ಗೋಡೆ ಮೊದಲನೆಯದನ್ನು ಕೊಡುತ್ತದೆ, ಎರಡನೆಯದನ್ನು ಹೆಚ್ಚುಕಡಿಮೆ ಕೊಡುವುದೇ ಇಲ್ಲ. ಹಾಗಾಗಿ ಜಾಗ ಹುಡುಕುವ ಮುನ್ನ ಪ್ರತಿಯೊಬ್ಬರೂ ಈ ಮೂರರಲ್ಲಿ ಒಂದನ್ನೇ ಚೀಟಿಯಲ್ಲಿ ಬರೆದುಕೊಡಲಿ. ಎಣಿಸಿ ನೋಡಿದಾಗ ಮುಂದಾಳು ಅಂದುಕೊಂಡದ್ದು ಮೇಲೆ ಬಂದಿರುವುದು ಅಪರೂಪ.

ಎರಡನೇ ಅಳತೆ ಗಂಟೆ. ದುಡ್ಡಿಲ್ಲದೆ ನಿಂತುಹೋದ ಜಾಗಗಳಿಗಿಂತ ಬಾಗಿಲು ತೆಗೆಯುವವರಿಲ್ಲದೆ ನಿಂತುಹೋದವೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೇ ಪ್ರತಿ ದಾರಿಗೂ ತಿಂಗಳಿಗೆ ಒಟ್ಟು ಎಷ್ಟು ಗಂಟೆ ದುಡಿಮೆ ಬೇಕಾಗಬಹುದು ಎಂಬ ಅಂದಾಜು ಕೊಟ್ಟಿದ್ದೇವೆ. ಇಬ್ಬರು ಮೂರು ಗಂಟೆ ದುಡಿದರೆ ಅದು ಆರು ಗಂಟೆ.

ಖರ್ಚನ್ನು ಎರಡು ಪಟ್ಟಿ ಮಾಡಿ: ಒಮ್ಮೆ ಮಾತ್ರ ಆಗುವುದು, ತಿಂಗಳು ತಿಂಗಳೂ ಬರುವುದು. ದಾರ, ಕ್ಲಿಪ್ಪು, ದೀಪ ಮೊದಲ ಪಟ್ಟಿಗೆ ಸೇರಿದರೆ, ಬಾಡಿಗೆ, ಕರೆಂಟು, ಇಂಟರ್‌ನೆಟ್ ಎರಡನೆಯದಕ್ಕೆ. ಮೊದಲ ಪಟ್ಟಿಯನ್ನು ಒಂದು ಚಂದಾ ಎತ್ತಿ ತೀರಿಸಬಹುದು. ಎರಡನೆಯದಕ್ಕೆ ಚಂದಾ ಎತ್ತುತ್ತಲೇ ಇರಬೇಕು.

ಕೊನೆಯದು ಕಿರಿಯರ ಸುರಕ್ಷೆ. ಗುಂಪಿನಲ್ಲಿ 18 ದಾಟದವರಿದ್ದರೆ ಯಾವ ದಾರಿ ಹಿಡಿದರೂ ಕೆಲವು ನಿಯಮ ಬಿಡುವ ಹಾಗಿಲ್ಲ. ಮನೆಯವರ ಒಪ್ಪಿಗೆ ಬರಹದಲ್ಲಿರಬೇಕು. ಯಾವ ಹೊತ್ತಿನಲ್ಲೂ ಕನಿಷ್ಠ ಇಬ್ಬರು ದೊಡ್ಡವರಿರಬೇಕು. ಹೊರಗೆ ಕಾಣುವ ಚೀಟಿಯಲ್ಲಿ ಪೂರ್ತಿ ಹೆಸರಾಗಲಿ, ಶಾಲೆಯ ಹೆಸರಾಗಲಿ ಬೇಡ. ಚಿತ್ರವನ್ನು ಗೋಡೆಗೆ ಹಾಕಲು ಕೊಟ್ಟ ಒಪ್ಪಿಗೆ, ಅದರ ಫೋಟೊ ತೆಗೆದು ಇಂಟರ್‌ನೆಟ್ಟಿಗೆ ಹಾಕಲು ಕೊಟ್ಟ ಒಪ್ಪಿಗೆಯಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಸಹಿ ಪಡೆಯಿರಿ.

ಎರವಲು ಗೋಡೆ

ಗ್ರಂಥಾಲಯದ ಮೊಗಸಾಲೆ, ಶಾಲೆಯ ಓಣಿ, ಕಾಫಿ ಅಂಗಡಿಯ ಒಂದು ಬದಿ. ಬಾಡಿಗೆ ಇಲ್ಲ, ಕಾವಲು ಇಲ್ಲ, ಜನ ಹೇಗೂ ಓಡಾಡುತ್ತಿರುತ್ತಾರೆ. ಆರರಿಂದ ಎಂಟು ವಾರಕ್ಕೊಮ್ಮೆ ಬದಲಿಸಿದರೆ ಸಾಕು. ಕೃತಿ ಕೂಡಿಸಿ ಚೀಟಿ ಬರೆಯಲು ಆರು ಗಂಟೆ, ಹಾಕಲು ಇಬ್ಬರಿಗೆ ಮೂರು ಮೂರು ಗಂಟೆ, ಇಳಿಸಲು ಒಂದೊಂದು ಗಂಟೆ. ಹೀಗೆ ಒಂದು ಸುತ್ತಿಗೆ ಸುಮಾರು 14 ಗಂಟೆ.

ಮೊದಲು ಗೋಡೆ ಅಳೆಯಿರಿ. ಎ3 ಹಾಳೆ ನಿಲುವಾಗಿ ಇಟ್ಟರೆ 29.7 ಸೆಂ.ಮೀ. ಅಗಲ. ಇಪ್ಪತ್ತು ಹಾಳೆಗಳನ್ನು ನಡುವೆ 15 ಸೆಂ.ಮೀ. ಬಿಟ್ಟು ಒಂದೇ ಸಾಲಿನಲ್ಲಿ ಹಾಕಲು ಹತ್ತಿರಹತ್ತಿರ 9 ಮೀಟರ್ ಗೋಡೆ ಬೇಕು. 5 ಮೀಟರ್ ಮಾತ್ರ ಇದ್ದರೆ ಎರಡು ಸಾಲು ಮಾಡಿ, ಇಲ್ಲವೇ ಹನ್ನೊಂದಕ್ಕೆ ನಿಲ್ಲಿಸಿ. ಎಲ್ಲರದ್ದೂ ಇರಲಿ ಎಂದು ಒತ್ತೊತ್ತಾಗಿ ತುರುಕಿದ ಗೋಡೆ ಸೂಚನಾ ಫಲಕದಂತೆ ಕಾಣುತ್ತದೆ, ಯಾರೂ ನಿಂತು ನೋಡುವುದಿಲ್ಲ. ಒಂದೇ ಸಾಲಾದರೆ ಪ್ರತಿ ಕೃತಿಯ ನಡುಮಧ್ಯ ನೆಲದಿಂದ 145 ಸೆಂ.ಮೀ. ಎತ್ತರಕ್ಕೆ ಬರಲಿ. ಮೇಲಂಚನ್ನೋ ಕೆಳಅಂಚನ್ನೋ ಸಮ ಮಾಡಲು ಹೋದರೆ ಬೇರೆ ಬೇರೆ ಅಳತೆಯ ಕೃತಿಗಳು ಕಣ್ಣಿಗೆ ಏರಿಳಿತವಾಗಿ ಕಾಣುತ್ತವೆ.

ಅಂಟಿಸುವ ವಿಷಯದಲ್ಲೇ ಹೆಚ್ಚು ಎಡವಟ್ಟು. ಡಬಲ್ ಸೈಡ್ ಟೇಪು ಕೀಳುವಾಗ ಸುಣ್ಣ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ, ಗೋಡೆ ಕೊಟ್ಟವರು ಎರಡನೇ ಸಲ ಕೊಡುವುದಿಲ್ಲ. ತೆಗೆಯಬಹುದಾದ ಅಂಟುಪಟ್ಟಿ ನುಣುಪು ಗೋಡೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ತರಿ ಗೋಡೆ, ಹೊಸ ಬಣ್ಣ, ತೇವದ ಗಾಳಿ ಈ ಮೂರರಲ್ಲಿ ಯಾವುದಿದ್ದರೂ ರಾತ್ರೋರಾತ್ರಿ ಜಾರಿಬಿಡುತ್ತದೆ. ಕಾಗದದ ಕೃತಿಗಳಿಗೆ ಎಲ್ಲಕ್ಕಿಂತ ನಂಬಿಕಸ್ಥ ಉಪಾಯ ಗೋಡೆಯ ಎರಡು ತುದಿಗೆ ಕೊಕ್ಕೆ ಹೊಡೆದು, ನಡುವೆ ತಂತಿ ಬಿಗಿದು, ಬೈಂಡರ್ ಕ್ಲಿಪ್ಪಿನಲ್ಲಿ ತೂಗುಹಾಕುವುದು. ತಂತಿ ಉದ್ದವಾದಷ್ಟೂ ಹೊಟ್ಟೆ ಬಿಡುತ್ತದೆ, ಹಾಗಾಗಿ ಒಂದೂವರೆ ಮೀಟರಿಗೊಂದು ನಡುಕೊಕ್ಕೆ ಇರಲಿ. ಕ್ಲಿಪ್ಪಿನ ಅಂಚು ಕಾಗದಕ್ಕೆ ಗುರುತು ಮೂಡಿಸದಂತೆ ಒಂದು ರಟ್ಟಿನ ಚೂರು ಸೇರಿಸಿ. ಚೌಕಟ್ಟು ಹಾಕಿದ ಕೃತಿಯಾದರೆ ಹಿಂಬದಿಯಲ್ಲಿ ದಾರ ಕಟ್ಟುವ ಬಳೆಗಳು ಮೇಲಂಚಿನಿಂದ ಮೂರನೇ ಒಂದು ಭಾಗ ಕೆಳಗಿರಲಿ. ಇನ್ನೂ ಕೆಳಗೆ ಹಾಕಿದರೆ ಚೌಕಟ್ಟು ಮುಂದಕ್ಕೆ ಬಾಗುತ್ತದೆ.

ಬಿಸಿಲು ಬೀಳುವ ಗೋಡೆ ಎಷ್ಟೇ ಚೆಂದವಿದ್ದರೂ ಬೇಡ. ಸ್ಕೆಚ್ ಪೆನ್ನು, ಮಾರ್ಕರುಗಳ ಶಾಯಿ ಕೆಲವೇ ವಾರದಲ್ಲಿ ಮಾಸುತ್ತದೆ. ಜಲವರ್ಣವೂ ತಡೆಯುವುದಿಲ್ಲ.

ಈ ದಾರಿಯ ದೊಡ್ಡ ಕೊರತೆ ಮೌನ. ಜನ ನೋಡಿ ಹೋಗುತ್ತಾರೆ, ಬರೆದವರಿಗೆ ಏನೂ ತಿಳಿಯುವುದಿಲ್ಲ. ಅಭಿಪ್ರಾಯ ಪುಸ್ತಕ ಇಟ್ಟರೆ "ತುಂಬಾ ಚೆನ್ನಾಗಿದೆ" ಎಂಬ ಒಂದೇ ಸಾಲು ಪುಟಗಟ್ಟಲೆ ಸಿಗುತ್ತದೆ. ಗೋಡೆಯ ಒಡೆಯರಿಗೆ ಇಷ್ಟವಾಗದ್ದನ್ನು ಇಳಿಸಬೇಕಾಗಿಯೂ ಬರಬಹುದು. ಏನು ಹಾಕಬಾರದು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಹಾಕಿದ ಮೇಲೆ ಇಳಿಸಿದಾಗ ಹದಿನೇಳರ ಹುಡುಗಿಗೆ ಆಗುವ ನೋವು, ಮೊದಲೇ "ಇದು ಇಲ್ಲಿ ಆಗದು" ಎಂದಾಗ ಆಗುವುದಿಲ್ಲ.

ತಿಂಗಳಿಗೊಂದು ಸಂಜೆ

ಒಂದು ಕೋಣೆ, ಒಂದು ಮೇಜು, ವೃತ್ತವಾಗಿ ಕುರ್ಚಿಗಳು. ಪ್ರತಿ ತಿಂಗಳ ಎರಡನೇ ಶನಿವಾರ ಎಂದರೆ ಎರಡನೇ ಶನಿವಾರವೇ. ತಾರೀಖು ಬದಲಾಗುತ್ತಿದ್ದರೆ ಮೂರನೇ ತಿಂಗಳಿಗೆ ಅರ್ಧ ಜನ ಇರುವುದಿಲ್ಲ. ಇಬ್ಬರು ಸೇರಿ ನಡೆಸಿದರೆ ತಿಂಗಳಿಗೆ ಒಟ್ಟು 10 ಗಂಟೆ ಸಾಕು. ಕೋಣೆ ಎರವಲು ಸಿಕ್ಕರೆ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಮಾತು ಬೇಕೆನ್ನುವವರಿಗೆ ಈ ಐದರಲ್ಲಿ ಇದಕ್ಕೆ ಸಾಟಿಯಿಲ್ಲ.

ಎರಡು ಗಂಟೆಯ ಲೆಕ್ಕ ಹೀಗೆ. ಒಬ್ಬರಿಗೆ ತೋರಿಸಲು 5 ನಿಮಿಷ, ಮಾತಿಗೆ 5, ಮುಂದಿನವರು ಬಂದು ಕೂರಲು 2. ಎಂಟು ಜನಕ್ಕೆ 96 ನಿಮಿಷ. ಉಳಿದ 24 ನಿಮಿಷ ಶುರುವಿಗೆ ಮತ್ತು ನಡುವಿನ ಬಿಡುವಿಗೆ. ಒಂಬತ್ತನೆಯವರನ್ನು ಸೇರಿಸಿಕೊಂಡರೆ ಕತ್ತರಿ ಬೀಳುವುದು ಬಿಡುವಿಗೆ, ನಿಜವಾದ ಹರಟೆ ನಡೆಯುವುದೇ ಆ ಬಿಡುವಿನಲ್ಲಿ. ಗಡಿಯಾರ ಹಿಡಿಯಲು ಸಂಕೋಚವಿಲ್ಲದ ಒಬ್ಬರು ಬೇಕು. ತೋರಿಸುವವರು ವಾಚಾಳಿಗಳಾದರೆ ಪೆಚಾಕುಚಾ ಕ್ರಮ ಹಿಡಿಯಬಹುದು: 20 ಚಿತ್ರ, ಒಂದೊಂದಕ್ಕೆ 20 ಸೆಕೆಂಡು, ತಾನಾಗಿ ಸರಿಯುವ ಪರದೆ, 6 ನಿಮಿಷ 40 ಸೆಕೆಂಡಿಗೆ ಮುಗಿತಾಯ. 2003ರಲ್ಲಿ ಟೋಕಿಯೊದಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಇದನ್ನು ಶುರುಮಾಡಿದ್ದೇ ವಿನ್ಯಾಸಕಾರರ ಮಾತಿಗೆ ಲಗಾಮು ಹಾಕಲು. ಹಾಗೆ ಮಾಡಿದರೆ ಒಬ್ಬರಿಗೆ ಹದಿನಾಲ್ಕು ನಿಮಿಷ ಹಿಡಿಯುತ್ತದೆ, ಸಂಜೆಗೆ ಏಳು ಜನಕ್ಕಿಂತ ಹೆಚ್ಚು ಒಪ್ಪಿಕೊಳ್ಳಬೇಡಿ.

ಇಲ್ಲಿ ಕೆಡುವುದು ಮಾತು. ಒಂದೋ ಎಲ್ಲರೂ ಹೊಗಳುತ್ತಾರೆ, ಇಲ್ಲವೇ ಒಬ್ಬ ಜಾಣ ಎಲ್ಲರದ್ದನ್ನೂ ತಿದ್ದಲು ಕೂರುತ್ತಾನೆ. ಎರಡಕ್ಕೂ ಮದ್ದು ಒಂದೇ, ಮಾತಿಗೆ ಕಟ್ಟುಪಾಡು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ಚಿತ್ರಕ್ಕೂ ಕವಿತೆಗೂ ಹಾಡಿಗೂ ಒಗ್ಗುತ್ತದೆ. ಮೊದಲು ನೋಡಿದವರು ತಮಗೆ ನಾಟಿದ್ದು ಏನು, ನೆನಪಲ್ಲಿ ಉಳಿದದ್ದು ಏನು ಎಂದು ಹೇಳುತ್ತಾರೆ. ಆಮೇಲೆ ಮಾಡಿದವರೇ ಪ್ರಶ್ನೆ ಕೇಳುತ್ತಾರೆ: "ಎಡಮೂಲೆ ಖಾಲಿ ಅನ್ನಿಸಿತೇ?" ಮೂರನೆಯದರಲ್ಲಿ ನೋಡಿದವರು ಅಭಿಪ್ರಾಯ ಬೆರೆಸದೆ ಪ್ರಶ್ನೆ ಕೇಳಬೇಕು. "ಇಷ್ಟು ಕಪ್ಪು ಯಾಕೆ ಬಳಿದೆ" ಎಂದರೆ ಅದರಲ್ಲಿ ಆಗಲೇ ತೀರ್ಪಿದೆ. "ಬಣ್ಣಗಳನ್ನು ಹೇಗೆ ಆರಿಸಿಕೊಂಡೆ" ಎಂದರೆ ಇಲ್ಲ. ಕೊನೆಗೆ, "ಬಣ್ಣದ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ, ಹೇಳಲೇ?" ಎಂದು ಕೇಳಿ, ಮಾಡಿದವರು ಹೂಂ ಎಂದರೆ ಮಾತ್ರ ಹೇಳುವುದು. ಬೇಡ ಎನ್ನುವ ಹಕ್ಕು ನಿಜವಾಗಿಯೂ ಇರಬೇಕು. ಐದು ನಿಮಿಷದಲ್ಲಿ ನಾಲ್ಕೂ ಹೆಜ್ಜೆ ಹಿಡಿಸುವುದಿಲ್ಲ. ಮೊದಲ ಮೂರು ತಿಂಗಳು ಮೊದಲ ಎರಡು ಹೆಜ್ಜೆಗಳಷ್ಟೇ ಸಾಕು.

ಸಂಗೀತ, ಕವಿತೆ, ಕಿರುಚಿತ್ರದವರಿಗೆ ಸಂಜೆಯೇ ಸಹಜವಾದ ದಾರಿ. ಪ್ರೊಜೆಕ್ಟರ್ ಬೇಕಾದರೆ ಕೋಣೆಗೆ ಕತ್ತಲಾಗುತ್ತದೆಯೇ ನೋಡಿಕೊಳ್ಳಿ. ಹತ್ತು ಮೀಟರ್ ಎಕ್ಸ್‌ಟೆನ್ಷನ್ ವೈರು, ಎಲ್ಲ ಬಗೆಯ ಕೇಬಲ್ಲಿನ ಒಂದು ಚೀಲ ಸದಾ ಸಿದ್ಧವಿರಲಿ.

ಎರಡು ದಿನದ ಪ್ರದರ್ಶನ

ಖಾಲಿ ಮಳಿಗೆ, ಸಭಾಂಗಣ, ಕಟ್ಟಡದ ಅಂಗಳ. ಸಂಭ್ರಮಕ್ಕೆ ಇದಕ್ಕಿಂತ ಬೇರೆ ಇಲ್ಲ. ಮನೆಯವರು, ಗೆಳೆಯರು, ದಾರಿಹೋಕರು ಎಲ್ಲ ಬರುತ್ತಾರೆ. ದುಡಿಮೆಯೂ ಅಷ್ಟೇ: ದಿನಕ್ಕೆ ಎಂಟು ಗಂಟೆಯಂತೆ ಎರಡು ದಿನ ಇಬ್ಬರು ನಿಂತರೆ ಬರೀ ಕಾಯುವುದಕ್ಕೇ 32 ಗಂಟೆ. ತಯಾರಿ ಸೇರಿದರೆ 60 ದಾಟುತ್ತದೆ. ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಬೇಡ.

ಆರು ವಾರ ಮುಂಚೆ ಜಾಗದ ಒಪ್ಪಿಗೆ ಕಾಗದದಲ್ಲಿ ಕೈಗೆ ಬಂದಿರಲಿ. ನಾಲ್ಕು ವಾರ ಇರುವಾಗ ಕೃತಿಗಳಿಗೆ ಕರೆ ಕೊಡಿ, ಗರಿಷ್ಠ ಅಳತೆ ಮತ್ತು ತೂಕವನ್ನೂ ಆಗಲೇ ಹೇಳಿ. ಇಲ್ಲದಿದ್ದರೆ ಬಾಗಿಲಲ್ಲಿ ಹಿಡಿಯದ ಕ್ಯಾನ್ವಾಸು ಬರುತ್ತದೆ. ಎರಡು ವಾರ ಇರುವಾಗ ಪಟ್ಟಿ ಮುಚ್ಚಿ. ಪ್ರತಿ ಕೃತಿಗೂ ಎರಡು ಪ್ರತಿಯ ರಸೀದಿ ಬೇಕು: ಯಾರದ್ದು, ಬಂದಾಗ ಹೇಗಿತ್ತು, ಯಾವ ದಿನ ವಾಪಸು. ಎಲ್ಲಕ್ಕಿಂತ ದೊಡ್ಡ ತಲೆನೋವು ಮುಗಿದ ಮೇಲೆ ಒಯ್ಯದ ಕೃತಿಗಳು. "ಇಂಥ ದಿನ ಸಂಜೆ ಆರರೊಳಗೆ ಒಯ್ಯದಿದ್ದರೆ ನಾವು ಕಾಪಾಡಲಾರೆವು" ಎಂದು ರಸೀದಿಯಲ್ಲೇ ಅಚ್ಚಾಗಿರಲಿ.

ಹೊರಾಂಗಣದಲ್ಲಾದರೆ ಗಾಳಿಯೇ ಶತ್ರು. ಫಲಕಕ್ಕೆ ಕಟ್ಟಿದ ಕ್ಯಾನ್ವಾಸು ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಕಾಲುಗಳಿಗೆ ಮರಳಿನ ಚೀಲ ಕಟ್ಟಿ, ಫಲಕಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸದೆ ಅಂಕುಡೊಂಕಾಗಿ ಒಂದಕ್ಕೊಂದು ಕಟ್ಟಿ.

ಮಾರಾಟ ಇರಬೇಕೇ ಎಂಬುದನ್ನು ಮೊದಲೇ ತೀರ್ಮಾನಿಸಿ. ಇದ್ದರೆ ಬೆಲೆಪಟ್ಟಿ ಒಂದು ಹಾಳೆಯಲ್ಲಿ ಬೇರೆಯೇ ಇರಲಿ. ಗೋಡೆಯ ಮೇಲೆ ಬೆಲೆ ಬರೆದರೆ ಕಲಿಯುವವರ ನಡುವೆ ಹೋಲಿಕೆ ಹುಟ್ಟುತ್ತದೆ, ಅದು ಕೃತಿಗಳ ಹೋಲಿಕೆಯಾಗಿ ಉಳಿಯುವುದಿಲ್ಲ.

ಪರದೆಯ ಮೇಲಿನ ಗುಂಪು

ಪುಕ್ಕಟೆ ಎಂದು ಎಲ್ಲರೂ ಮೊದಲು ಕೈಹಾಕುವುದು ಇಲ್ಲಿಗೇ. ನಡೆಸುವವರು ದಿನಕ್ಕೆ ಇಪ್ಪತ್ತು ನಿಮಿಷ ಕಣ್ಣಿಟ್ಟರೂ ತಿಂಗಳಿಗೆ 10 ಗಂಟೆ ಆಯಿತು, ಅಂದರೆ ತಿಂಗಳ ಸಂಜೆಗೆ ತಗಲುವಷ್ಟೇ. ವ್ಯತ್ಯಾಸವೆಂದರೆ ಇದಕ್ಕೆ ರಜೆಯಿಲ್ಲ.

ವಾಟ್ಸ್ಆ್ಯಪ್ ಗುಂಪಿನಲ್ಲಿ 1,024 ಜನ ಹಿಡಿಸುತ್ತಾರೆ, ಆದರೆ ಮೂವತ್ತು ದಾಟಿದ ಮೇಲೆ ಚಿತ್ರಗಳು ಶುಭಾಶಯಗಳ ರಾಶಿಯಲ್ಲಿ ಮುಳುಗುತ್ತವೆ. ಸಾಮಾನ್ಯವಾಗಿ ಕಳಿಸಿದ ಫೋಟೊವನ್ನು ಅದು ಕುಗ್ಗಿಸುತ್ತದೆ, ಸೂಕ್ಷ್ಮ ಗೆರೆಯ ಕೆಲಸ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ. ಹಾಗೆ ಹೋದ ಫೈಲಿನೊಳಗೆ ಫೋಟೊ ತೆಗೆದ ಜಾಗದ ಗುರುತೂ ಉಳಿದಿರಬಹುದು, ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಯೇ ಫೋಟೊ ತೆಗೆಯಲು ಕಿರಿಯರಿಗೆ ಹೇಳಿಕೊಡಿ. ಇನ್ನೊಂದು ಮಾತು: ಅಲ್ಲಿ ಎಲ್ಲರ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ಅಪ್ರಾಪ್ತರಿದ್ದರೆ ಈ ಒಂದು ಕಾರಣಕ್ಕೇ ವಿಷಯವಾರು ಕೋಣೆಗಳಿರುವ, ಅಡ್ಡಹೆಸರಿನಲ್ಲಿ ಇರಬಹುದಾದ ಡಿಸ್ಕಾರ್ಡ್‌ನಂಥದ್ದು ಮೇಲು. ಹೊಸಬರನ್ನು ಸೇರಿಸಿಕೊಳ್ಳುವ ಹಕ್ಕು ಮಾತ್ರ ನಡೆಸುವವರ ಕೈಯಲ್ಲೇ ಇರಲಿ, ಖಾಸಗಿ ಸಂದೇಶದ ಬಾಗಿಲು ಮುಚ್ಚಿರಲಿ. ಡಿಸ್ಕಾರ್ಡ್, ಇನ್‌ಸ್ಟಾಗ್ರಾಂ ಎರಡಕ್ಕೂ ಕನಿಷ್ಠ ವಯಸ್ಸು 13, ಕೆಲವು ದೇಶಗಳಲ್ಲಿ ಇನ್ನೂ ಹೆಚ್ಚು.

ಇನ್‌ಸ್ಟಾಗ್ರಾಂನಲ್ಲಿ ಗುಂಪಿನ ಹೆಸರಲ್ಲಿ ಒಂದು ಪುಟ ತೆರೆದರೆ ಹೊರಗಿನವರಿಗೆ ಕಾಣುತ್ತದೆ, ಸರಿ. ಆದರೆ ಅಲ್ಲಿ ಎಣಿಕೆ ಎದ್ದು ಕಾಣುತ್ತದೆ. ಒಬ್ಬರ ಚಿತ್ರಕ್ಕೆ ಇನ್ನೂರು ಮೆಚ್ಚುಗೆ, ಪಕ್ಕದವರದ್ದಕ್ಕೆ ಒಂಬತ್ತು ಬಂದರೆ ಮುಂದಿನ ತಿಂಗಳು ಆ ಒಂಬತ್ತರವರು ಏನೂ ಕೊಡುವುದಿಲ್ಲ. ಮೆಚ್ಚುಗೆಯ ಎಣಿಕೆ ಮರೆಮಾಡುವ ಸೌಲಭ್ಯವಿದೆ, ಬಳಸಿ.

ಊರೂರು ಹಂಚಿಹೋದವರಿಗೆ, ಮನೆಯಿಂದ ಹೊರಬರಲು ಕಷ್ಟವಿರುವವರಿಗೆ, ಮುಖ ತೋರಿಸಲು ನಾಚುವವರಿಗೆ ಪರದೆಯೇ ಬೇಕು. ಉಳಿದವರಿಗೆ ಇದನ್ನು ಒಂದು ಸಂಜೆಯಿಂದ ಇನ್ನೊಂದು ಸಂಜೆಗೆ ಸೇತುವೆಯಾಗಿ ಇಟ್ಟುಕೊಂಡರೆ ಸಾಕು.

ಕಿರುಪುಸ್ತಿಕೆ

ಜಾಗವನ್ನೇ ಕೈಯಲ್ಲಿ ಹಿಡಿದು ಕೊಡಬಹುದಾದ ದಾರಿ. 16 ಪುಟದ ಎ5 ಪುಸ್ತಿಕೆಗೆ ಎ4 ಹಾಳೆ ನಾಲ್ಕು. 50 ಪ್ರತಿಗೆ 200 ಹಾಳೆ, ಕೆಡುವುದಕ್ಕೆಂದು ಇನ್ನು 20. ರಕ್ಷಾಪುಟದ ನಾಲ್ಕು ಮುಖ ಬಿಟ್ಟರೆ 12 ಪುಟ, ಆರು ಜನಕ್ಕೆ ಎರಡೆರಡು. ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು, ಇಲ್ಲವಾದರೆ ಕೊನೆಗೆ ಖಾಲಿ ಪುಟಗಳು ಉಳಿಯುತ್ತವೆ. ಪುಟ ಜೋಡಿಸುವಾಗ ಹಾಳೆಯ ಒಂದು ಮುಖದಲ್ಲಿ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ 17: 16ರ ಪಕ್ಕ 1, ಅದರ ಹಿಂದೆ 2ರ ಪಕ್ಕ 15. ಎರಡೂ ಬದಿ ಅಚ್ಚು ಹಾಕುವಾಗ ಚಿಕ್ಕ ಅಂಚಿನ ಮೇಲೆ ತಿರುಗುವಂತೆ ಇಡಿ. ಉದ್ದ ಅಂಚಿಗೆ ಇಟ್ಟರೆ ಹಿಂಬದಿಯ ಪುಟಗಳೆಲ್ಲ ತಲೆಕೆಳಗು.

ಪೂರ್ತಿ ಪುಟದ ಚಿತ್ರಕ್ಕೆ ಕನಿಷ್ಠ 1748 × 2480 ಪಿಕ್ಸೆಲ್ ಬೇಕು. ಪರದೆಯಲ್ಲಿ ಹೊಳೆಯುವ ನಿಯಾನ್ ಹಸಿರು, ನೇರಳೆ ಕಾಗದದಲ್ಲಿ ಮಂಕಾಗುತ್ತವೆ, ಒಂದು ಪ್ರತಿ ತೆಗೆದು ನೋಡದೆ ಐವತ್ತು ಹೊಡೆಸಬೇಡಿ. ಮಾಮೂಲಿ ಸ್ಟೇಪ್ಲರ್ ಎ5ರ ನಡುಮಡಿಕೆಯನ್ನು ಮುಟ್ಟುವುದಿಲ್ಲ. ಉದ್ದ ತೋಳಿನದ್ದು ಸಿಗದಿದ್ದರೆ ಮಡಿಕೆಯಲ್ಲಿ ಮೂರು ತೂತು ಮಾಡಿ ಸೂಜಿದಾರದಲ್ಲಿ ಹೊಲಿಯಿರಿ, ನೋಡಲೂ ಅದೇ ಚೆಂದ. ಒಂದು ಸಂಚಿಕೆಗೆ 30ರಿಂದ 40 ಗಂಟೆ ಹಿಡಿಯುತ್ತದೆ, ಅದರಲ್ಲಿ ಅರ್ಧ "ಇನ್ನೂ ಕಳಿಸಿಲ್ಲ" ಎನ್ನುವವರ ಬೆನ್ನುಹತ್ತುವುದಕ್ಕೇ ಹೋಗುತ್ತದೆ. ಕಾಮಿಕ್ಸ್, ಕವಿತೆ, ಕಪ್ಪುಬಿಳುಪು ಗೆರೆಚಿತ್ರಗಳಿಗೆ ಹೇಳಿ ಮಾಡಿಸಿದ ದಾರಿ. ದೊಡ್ಡ ಬಣ್ಣದ ಚಿತ್ರಗಳಿಗೆ ಅಲ್ಲ.

ಮತ್ತೆ, ಬಾಡಿಗೆ ಕೋಣೆ?

ಎಲ್ಲರ ಕನಸೂ ಇದೇ. ವಾರಕ್ಕೆ ಮೂರು ಸಂಜೆ, ಮೂರು ಗಂಟೆಯಂತೆ ತೆರೆದಿಡಲು, ಪ್ರತಿ ಸಲ ಇಬ್ಬರಂತೆ, ತಿಂಗಳಿಗೆ 78 ಗಂಟೆ ಬೇಕು. ಹನ್ನೆರಡು ಜನ ಸೇರಿ ಬಾಡಿಗೆ ಹಂಚಿಕೊಂಡಿದ್ದಾಗ ನಾಲ್ವರು ಬಿಟ್ಟರೆ ಉಳಿದವರ ಪಾಲು ಒಂದೂವರೆ ಪಟ್ಟು ಆಗುತ್ತದೆ. ಪರೀಕ್ಷೆ, ಕೆಲಸ, ಬೇರೆ ಊರು ಎಂದು ಎಳೆಯರು ಬಿಡುವುದು ಸಹಜ. ಆ ಒಂದೂವರೆ ಪಟ್ಟನ್ನೂ ಮೂರು ತಿಂಗಳು ಹೊರಬಲ್ಲೆವು ಎನ್ನುವ ಧೈರ್ಯವಿದ್ದರೆ ಮಾತ್ರ ಸಹಿ ಹಾಕಿ. ಎಣ್ಣೆಬಣ್ಣದವರಿದ್ದರೆ ಇನ್ನೊಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲೇ ಹಾಕಬೇಕು.

ಪ್ಯಾರಿಸ್ಸಿನಲ್ಲಿ 1874ರ ಏಪ್ರಿಲ್ 15ರಂದು ಮೊನೆ, ದೆಗಾ, ಪಿಸಾರೊ ಮೊದಲಾದ ಮೂವತ್ತು ಕಲಾವಿದರು ಒಂದು ಸಹಕಾರಿ ಸಂಘ ಕಟ್ಟಿಕೊಂಡು, ಛಾಯಾಗ್ರಾಹಕ ನಾದಾರ್ ಬಿಟ್ಟುಹೋಗಿದ್ದ ಸ್ಟುಡಿಯೊದಲ್ಲಿ ತಮ್ಮ ಪ್ರದರ್ಶನ ತೆರೆದರು. ವರ್ಷ ಮುಗಿಯುವುದರೊಳಗೆ ಸಂಘ ಸಾಲದಲ್ಲಿ ಮುಚ್ಚಿತು. ಪ್ರದರ್ಶನ ನಿಲ್ಲಲಿಲ್ಲ: ಸಿಕ್ಕ ಸಿಕ್ಕ ಜಾಗಗಳಲ್ಲಿ 1886ರವರೆಗೆ ಒಟ್ಟು ಎಂಟು ನಡೆದವು. ಕೋಣೆಗೆ ಆತುರಪಡುವವರು ಈ ಲೆಕ್ಕವನ್ನು ಒಮ್ಮೆ ನೋಡಬಹುದು.

ಆರಿಸುವ ಹೊತ್ತು

ಚೀಟಿಗಳಲ್ಲಿ "ಮಾತು" ಗೆದ್ದಿದ್ದರೆ ಸಂಜೆ. "ಅಪರಿಚಿತರು" ಗೆದ್ದಿದ್ದು ತಿಂಗಳಿಗೆ ಹತ್ತು ಗಂಟೆಯೂ ಸಿಗದಿದ್ದರೆ ಎರವಲು ಗೋಡೆ. ಇಪ್ಪತ್ತು ಗಂಟೆ ಸಿಗುವುದಾದರೆ ಗೋಡೆಯ ಜೊತೆ ಸಂಜೆಯನ್ನೂ ಸೇರಿಸಿ, ಗೋಡೆ ಬದಲಿಸುವ ದಿನವೇ ಸಂಜೆ ನಡೆಸಿ. ಕೈಯಲ್ಲಿ ಸ್ವಲ್ಪ ದುಡ್ಡು ಇದ್ದು ಸಮಯವಿಲ್ಲದಿದ್ದರೆ ವರ್ಷಕ್ಕೆರಡು ಪುಸ್ತಿಕೆ. ದುಡ್ಡೂ ಇಲ್ಲ, ಜನ ಊರೂರಲ್ಲಿ ಚದುರಿದ್ದಾರೆ ಎಂದರೆ ಪರದೆ, ಅಲ್ಲೂ ತಿಂಗಳಿಗೊಂದು ವಿಡಿಯೊ ಸಂಜೆ ಇರಲಿ. "ಕೂತು ಕೆಲಸ ಮಾಡಲು ಎಡೆ" ಎಂದು ಮುಕ್ಕಾಲು ಪಾಲು ಜನ ಬರೆದಿದ್ದರೂ ನೇರ ಬಾಡಿಗೆಗೆ ಹೋಗಬೇಡಿ. ಯಾವುದಾದರೂ ಶಾಲೆಯ ಚಿತ್ರಕಲಾ ಕೋಣೆಯನ್ನು ವಾರಕ್ಕೊಂದು ಸಂಜೆ ಕೇಳಿ ಪಡೆದು ಆರು ತಿಂಗಳು ನಡೆಸಿ.

ಆ ಆರು ತಿಂಗಳಲ್ಲಿ ಬಾಗಿಲು ತೆಗೆದವರು ಯಾರು ಎಂದು ಒಂದು ಪಟ್ಟಿಯಲ್ಲಿ ಬರೆಯುತ್ತಾ ಬನ್ನಿ. ಮೂರು ನಾಲ್ಕು ಹೆಸರು ಸರದಿಯಲ್ಲಿ ಬಂದಿದ್ದರೆ ಕೋಣೆ ಹುಡುಕಲು ಹೊರಡಬಹುದು. ಒಂದೇ ಹೆಸರು ಇಪ್ಪತ್ತನಾಲ್ಕು ಸಲ ಬಂದಿದ್ದರೆ ಇನ್ನೂ ಆರು ತಿಂಗಳು ಎರವಲು ಕೋಣೆಯಲ್ಲೇ ಇರಿ, ಬೀಗದ ಕೈಯನ್ನು ಮಾತ್ರ ಮುಂದಿನ ವಾರವೇ ಇನ್ನೊಬ್ಬರಿಗೆ ಕೊಡಿ.